ಪಿಳ್ಳಾರಿಯ ಮುಂದಿನ ಬೆಲ್ಲ

ಹೆಮ್ಮಿಗೆ,
೨೧-೨-೧೯೯೮, ಶನಿವಾರ

ಪ್ರೀತಿಯ ತಮ್ಮ ಶಿವಸ್ವಾಮಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನಿನ್ನ ಕೆಮ್ಮು ವಾಸಿಯಾಯಿತೇ? ಅರಣ್ಯ ಇಲಾಖೆಯ ಕಾವಲುಗಾರನಾದರೇನು, ಹಿನ್ನೀರಿನ ದಡದಲ್ಲಿ ಬೆಳಗಿನ ಗಾಳಿಗೆ ಬರಿತಲೆಯಲ್ಲಿ ನಿಲ್ಲಬೇಡವೆಂದರೆ ಕೇಳುವವನಲ್ಲ ನೀನು. ನಿನ್ನನ್ನು ಕಟ್ಟಿಕೊಂಡು ಕೋಮಲ ಅದು ಹೇಗೆ ಏಗುತ್ತಾಳೋ. ಇಲ್ಲಿ ನಿಮ್ಮ ಭಾವ ಚೆನ್ನಾಗಿದ್ದಾರೆ. ಆಲೆಮನೆ ಶುರುವಾದ ಮೇಲೆ ಅವರ ಮೀಸೆಗೂ ಬೆಲ್ಲ ಮೆತ್ತಿಕೊಂಡಿದೆ, ಮಾತಿಗೆ ಮಾತ್ರ ಇನ್ನೂ ಮೆತ್ತಿಲ್ಲ.

ನಿಮ್ಮ ಅಭಯಾರಣ್ಯದ ಹರುಕಿವಿ ಆನೆ ಇಲ್ಲಿಗೆ ಬಂದಿದೆ ಕಣಪ್ಪ. ಹೋದ ಬೇಸಿಗೆಯಲ್ಲಿ ನುಗು ಹಿನ್ನೀರು ಇಳಿದು, ಚಿಗುರಿದ ಹುಲ್ಲಿನಲ್ಲಿ ಹಿಂಡು ಮೇಯುತ್ತಿದ್ದಾಗ ಆಚೆ ಒಂಟಿಯಾಗಿ ನಿಂತಿತ್ತಲ್ಲ, ನೀನು ನನಗೆ ತೋರಿಸಿದ ಗಂಡಾನೆ, ಅದೇ. ಹೊಳೆದಂಡೆ ಹಿಡಿದು ನಂಜನಗೂಡು ದಾಟಿ ಬಂದು ನಮ್ಮ ಕಬ್ಬಿನ ಗದ್ದೆ ಸೇರಿಕೊಂಡಿದೆ. ಅದು ಪುಂಡಾನೆ, ಹಿಡಿದು ಶಿಬಿರಕ್ಕೆ ಸಾಗಿಸಿ ಎಂದು ಊರವರು ಅರ್ಜಿ ಕೊಟ್ಟಿದ್ದಾರೆ. ಸೋಮವಾರ ಸಾಕಾನೆಗಳು ಬರುತ್ತವಂತೆ. ಹಿಡಿದರೆ ಕಾಲಿಗೆ ಸರಪಳಿ ಬೀಳುತ್ತದೆ, ಮತ್ತೆ ಅದು ನಿಮ್ಮ ಹಿನ್ನೀರನ್ನು ಕಾಣುವುದಿಲ್ಲ.

ಮೊದಲ ಕೊಪ್ಪರಿಗೆಯ ಬೆಲ್ಲದಲ್ಲಿ ಒಂದು ಅಚ್ಚನ್ನು ಸಗಣಿಯ ಪಿಳ್ಳಾರಿ ಗಣಪನ ಮುಂದೆ ಇಡುವುದು ನಮ್ಮ ಪದ್ಧತಿಯಲ್ಲವೇ. ಈ ಸಲ ಬೆಳಗ್ಗೆ ನೋಡಿದರೆ ಬೆಲ್ಲವಿಲ್ಲ, ಆಲೆಮನೆಯ ಒಲೆಬೂದಿಯ ಮೇಲೆ ಮೊರದಗಲದ ಹೆಜ್ಜೆ. ಊರ ಹಿರಿಯ ದೊಡ್ಡಮಾದಯ್ಯ ಹೆಜ್ಜೆಗೆ ಕೈಮುಗಿದು, "ಗಣಪ್ನೇ ಬಂದು ತಿಂದವ್ನೆ" ಎಂದರು. ಊರೆಲ್ಲ ಬಂದು ಅರಿಶಿನ ಕುಂಕುಮ ಹಾಕಿತು. ಮೊನ್ನೆ ಅದೇ ಗಣಪ ಆಲೆಮನೆಯ ಸೋಗೆಯ ಸೂರು ಕಿತ್ತು, ಕೊಪ್ಪರಿಗೆ ವಾಲಿಸಿ, ಪಾಕ ತಿರುವುತ್ತಿದ್ದ ಹುಚ್ಚಯ್ಯನ ಕಾಲು ಬೆಂದಾಗ ಪುಂಡನಾದ. ಹುಚ್ಚಯ್ಯ ಆ ನೋವಿನಲ್ಲೂ, "ನನ್ ಮಕ ಕೂಡ ನೋಡ್ನಿಲ್ಲ ಕಣವ್ವ, ಏನೋ ತಡಕ್ತಿತ್ತು" ಎಂದ. ಊರವರು ಸೇರಿ ಅರ್ಜಿ ಬರೆಸುವಾಗ ನಾನು ಬಾಯಿಗೆ ಸೆರಗು ಹಿಡಿದು ಸುಮ್ಮನೆ ಕೂತಿದ್ದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಕೋಮಲಳಿಗೆ ಹೇಳು, ಅವಳಿಗೆಂದು ಹಪ್ಪಳ ಮಾಡಿಟ್ಟಿದ್ದೇನೆ. ಮಗುವಿನ ಕೆನ್ನೆಗೆ ಅತ್ತೆಯ ಮುತ್ತು. ತಲೆಗೆ ಟವಲ್ ಸುತ್ತಿಕೋ. ನಂಜುಂಡೇಶ್ವರ ನಿಮ್ಮನ್ನು ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ಚಿಕ್ಕಬಸಮ್ಮ

ತಾ.ಕ.: ಪಕ್ಕದ ಮನೆಯ ಚಿಕ್ಕಮಾದು ಇದನ್ನು ನಿನ್ನ ಕೈಗೇ ಕೊಡಲು ಬಸ್ಸಿಗೆ ಹೊರಟು ನಿಂತಿದ್ದಾನೆ. ಮೊದಲ ದಿನದ ಬೆಲ್ಲ ಪಿಳ್ಳಾರಿಯದು. ಆಮೇಲೆ ದಿನಾ ಮುಂಜಾನೆ ಬದುವಿನ ಕಲ್ಲಿನ ಮೇಲೆ ಬೆಲ್ಲ ಇಟ್ಟವಳು ನಾನು. "ನಮ್ ಕೈತುತ್ತು ತಿಂದ ಆನೆ ಕಾಡ್ಗೂ ಇಲ್ಲ, ಊರ್ಗೂ ಇಲ್ಲ ಕಣಕ್ಕ" ಎಂದು ನೀನು ಹೇಳಿದ್ದು ನೆನಪಿತ್ತು. ಆದರೂ ನೀನಿರುವ ಕಡೆಯಿಂದ ಬಂದದ್ದು, ತವರಿನಿಂದ ಬಂದವರಿಗೆ ಬರಿಗೈ ತೋರಿಸಲು ಮನಸ್ಸಾಗಲಿಲ್ಲ. ನಾನು ಬನ್ನೂರಿಗೆ ನಾಮಕರಣಕ್ಕೆ ಹೋಗಿ ಇಡದೇ ಹೋದ ದಿನವೇ ಅದು ಆಲೆಮನೆಗೆ ಹುಡುಕಿಕೊಂಡು ಬಂತು. ಪುಂಡತನ ಅದರದಲ್ಲ. ನಿಮ್ಮ ಸಾಹೇಬರಿಗೆ ಇದನ್ನು ಹೇಳು, ಹಿಡಿಯದೆ ಹಿನ್ನೀರಿಗೆ ಅಟ್ಟಲಿ. ಊರ ಮುಂದೆ ನಾನೇ ಹೇಳುತ್ತೇನೆ, ಹುಚ್ಚಯ್ಯನಿಗೆ ಮೊದಲು. ಇವತ್ತು ಬೆಲ್ಲ ಇಡಲಿಲ್ಲ. ಅದು ಬಂತು, ಬರಿಗಲ್ಲನ್ನು ಸೊಂಡಿಲಿನಿಂದ ಸವರಿತು, ಆಮೇಲೆ ದೂರದಲ್ಲಿ ನಿಂತ ನನ್ನ ಕಡೆಗೆ ಚಾಚಿತು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.