ಇಪ್ಪತ್ತು ಅಡಿ

ಗೋದಾಮಿನ ಅಂಗಳ, ಲಾರಿಯ ಕ್ಯಾಬಿನ್
೧೪ನೇ ತಾರೀಕು, ಮಂಗಳವಾರ, ಸಂಜೆ ಐದು

ನನ್ನ ಮನೆಯ ಯಜಮಾನತಿಗೆ,

ಹೇಗಿದ್ದೀಯ? ಅತ್ತೆಯ ಮಂಡಿನೋವು ಇಳಿಯಿತೇ? ಪುಟ್ಟಿಯ ಕೈಯ ಪ್ಲಾಸ್ಟರ್ ಶುಕ್ರವಾರ ತೆಗೆಯುತ್ತಾರೆಂದು ಮಾವ ಫೋನಿನಲ್ಲಿ ಹೇಳಿದರು. ಅಲ್ಲಿಯವರೆಗೆ ತುರಿಕೆ ಎಂದು ಒಳಗೆ ಸ್ಕೇಲು ತೂರಿಸಲು ಬಿಡಬೇಡ, ಅವಳು ಕೇಳುವ ಪೈಕಿಯಲ್ಲ. ನಾನು ಚೆನ್ನಾಗಿದ್ದೇನೆ. ಇಲ್ಲ, ಅರ್ಧ ಚೆನ್ನಾಗಿದ್ದೇನೆ. ಪುಟ್ಟಿ ಜೊತೆಗಿದ್ದಾಗಲೇ ಲಾರಿ ಹಳ್ಳಕ್ಕಿಳಿದು ಅವಳ ಕೈ ಮುರಿದ ಮೇಲೆ, “ನಿಜ ಬಾಯಿಬಿಡೋವರೆಗೂ ನಾನು ಬರಲ್ಲ, ಕರೆಯೋಕೂ ಬರಬೇಡಿ” ಎಂದು ನೀನು ಅವಳನ್ನು ಕರೆದುಕೊಂಡು ತವರಿಗೆ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಮನೆಗೆ ಹೋದರೆ ಗೋಡೆಗಳ ಜೊತೆ ಮಾತಾಡಬೇಕು, ಅವೂ ನಿನ್ನ ಪಕ್ಷವೇ.

ಇವತ್ತಿನ ಕಥೆ ಕೇಳು. ನಮ್ಮ ಕಾಯಿದೆ ನಿನಗೆ ಬಾಯಿಪಾಠ: ಕೆಲಸ ಶುರುವಾದ ಗಳಿಗೆಯಿಂದ ಹದಿನಾಲ್ಕು ಗಂಟೆ, ಅದಾದ ಮೇಲೆ ಚಕ್ರ ತಿರುಗಬಾರದು, ಒಂದೇ ಸಮನೆ ಹತ್ತು ಗಂಟೆ ವಿಶ್ರಾಂತಿ. ಲಾರಿ ಓಡಿಸಿದರೂ ಅಷ್ಟೇ, ಗೇಟಿನ ಮುಂದೆ ನೊಣ ಹೊಡೆಯುತ್ತಾ ಕೂತರೂ ಅಷ್ಟೇ, ಗಂಟೆ ಓಡುತ್ತಲೇ ಇರುತ್ತದೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಹೊರಟವನು ಬೆಳಗಿನ ಐದಕ್ಕೆ ಇಲ್ಲಿ ಬಂದೆ. ಆರಕ್ಕೆ ಲೋಡ್ ಮಾಡುತ್ತೇವೆ ಎಂದಿದ್ದರು. ಆರಾಯಿತು, ಎಂಟಾಯಿತು. ಇರುವುದೊಂದೇ ಫೋರ್ಕ್‌ಲಿಫ್ಟ್, ಅದರ ಬ್ಯಾಟರಿಯೂ ಚಾರ್ಜಿಗೆ ಕೂತಿತ್ತು. ಕೇಳಿದರೆ “ಇನ್ನೈದು ನಿಮಿಷ.” ಇವರ ಐದು ನಿಮಿಷದಲ್ಲಿ ಒಂದು ಮದುವೆ ಮಾಡಿ ಮುಗಿಸಬಹುದು. ಕೊನೆಯ ಪೆಟ್ಟಿಗೆ ಏರುವಾಗ ಸರಿಯಾಗಿ ಹನ್ನೊಂದು, ನನ್ನ ಹದಿನಾಲ್ಕು ಗಂಟೆಯೂ ಮುಗಿದಿತ್ತು. ಎಂಜಿನ್ ಆರಿಸಿ, ಗಂಟೆ ಎಣಿಸುವ ಯಂತ್ರದಲ್ಲಿ ‘ವಿಶ್ರಾಂತಿ’ ಒತ್ತಿ ಸೀಟಿನ ಹಿಂದೆ ಬಿದ್ದುಕೊಂಡೆ.

ಮೂರು ಗಂಟೆಗೆ ಬಾಗಿಲು ದಬದಬ. ಗೋದಾಮಿನ ಸೂಪರ್‌ವೈಸರ್. “ಲಾರಿ ಇಪ್ಪತ್ತು ಅಡಿ ಮುಂದೆ ಹಾಕು, ಇನ್ನೊಂದು ಬರ್ತಿದೆ.” ಸರಿಸಿದರೆ ಮಲಗಿದ ನಾಲ್ಕು ಗಂಟೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಮತ್ತೆ ಸೊನ್ನೆಯಿಂದ ಹತ್ತು. ಯಂತ್ರಕ್ಕೆ ಗೊತ್ತಾಗದಷ್ಟು ಮೆಲ್ಲಗೆ ಸರಿಸಿ, ಮಲಗಿಯೇ ಇದ್ದೆನೆಂದು ನಟಿಸುವ ವಿದ್ಯೆ ನನಗೆ ಬರುತ್ತದೆ. ವರ್ಷಗಟ್ಟಲೆ ಮಾಡಿದ್ದೇನೆ. ಇವತ್ತು ಆಗಲ್ಲ ಎಂದೆ.

“ಇದೇನು ನಿಮ್ಮ ಮಾವನ ಮನೆನಾ?” ಎಂದ. “ಮಾವನ ಮನೆ ಆಗಿದ್ರೆ ಹೆಂಡ್ತಿ ಮಗಳಾದ್ರೂ ಇರ್ತಿದ್ರು ಸಾರ್” ಎಂದೆ. ಪುಣ್ಯಾತ್ಮ ನಗಲಿಲ್ಲ, ನಮ್ಮ ಮಾಲೀಕರಿಗೆ ಫೋನ್ ಹಚ್ಚಿದ. ಮಾಲೀಕರು ನನಗೆ ಮಾಡಿದರು: “ಇಪ್ಪತ್ತು ಅಡಿ ಕಣಯ್ಯಾ, ಯಾರು ನೋಡ್ತಾರೆ?” ಕೆಲಸ ಹೋದರೆ ಏನು ಗತಿ ಎಂಬ ಭಯವಿತ್ತು. ಆದರೂ ಹೇಳಿಬಿಟ್ಟೆ: “ಸರಿಸ್ತೀನಿ ಸಾರ್. ಆಮೇಲೆ ಮತ್ತೆ ಹತ್ತು ಗಂಟೆ ಮಲಗ್ತೀನಿ. ನಿದ್ದೆಗಣ್ಣಲ್ಲಿ ಓಡಿಸೋಕೆ ಬೇರೆಯವರನ್ನ ನೋಡ್ಕೊಳ್ಳಿ.” “ಸರಿ, ಮಲಕ್ಕೋ ಹೋಗು” ಎಂದು ಫೋನ್ ಇಟ್ಟರು.

ಬರುವ ಲಾರಿಯನ್ನು ಗೋದಾಮಿನ ಪಕ್ಕದ ಬಾಗಿಲಿಗೆ ನಿಲ್ಲಿಸಿದರು, ಯಾರ ಗಂಟೂ ಹೋಗಲಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವ ಅಕ್ಕ ರಟ್ಟಿನ ತುಂಡಿನ ಮೇಲೆ “ಡ್ರೈವರ್ ಮಲಗಿದ್ದಾನೆ, ಎಬ್ಬಿಸಿದವರೇ ಓಡಿಸಬೇಕು” ಎಂದು ಬರೆದು ಗಾಜಿಗೆ ಸಿಕ್ಕಿಸಿ ಹೋದಳು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ನಿನಗೆ ಹೇಳದೆ ಇರಲಾಗಲಿಲ್ಲ, ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ. ಬೈಯಬೇಡ, ಇನ್ನೂ ನಾಲ್ಕು ಗಂಟೆ ಬಾಕಿಯಿದೆ, ಮಲಗುತ್ತೇನೆ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಪುಟ್ಟಿಯ ಗಟ್ಟಿ ಕೈಗೆ ಒಂದು ಮುತ್ತು, ಮುರಿದ ಕೈಗೆ ಎರಡು.

ನಿನ್ನವನೇ,
ಪುಟ್ಟಿಯ ಅಪ್ಪ

ವಿ.ಸೂ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಅವತ್ತು ನಾಯಿ ಅಡ್ಡ ಬಂತು ಎಂದೆನಲ್ಲ, ಯಾವ ನಾಯಿಯೂ ಬರಲಿಲ್ಲ. ಹಿಂದಿನ ದಿನವೆಲ್ಲ ಇಂಥದ್ದೇ ಒಂದು ಗೋದಾಮಿನ ಸಾಲಿನಲ್ಲಿ ತೆವಳುತ್ತಾ, ಯಂತ್ರದಲ್ಲಿ ಮಾತ್ರ ಮಲಗಿದ್ದೆ. ತಿರುವಿನಲ್ಲಿ ಕಣ್ಣು ಮುಚ್ಚಿಹೋಯಿತು. “ನಾಯಿ ಇರ್ಲಿಲ್ಲಪ್ಪಾ” ಎಂದ ಪುಟ್ಟಿಗೆ, ನಿನ್ನೆದುರೇ, “ನೀನು ನಿದ್ದೆ ಮಾಡ್ತಿದ್ದೆ ಕಣೇ” ಎಂದು ಬಾಯಿ ಮುಚ್ಚಿಸಿದೆ. ಅವಳು ಎಚ್ಚರವಾಗೇ ಇದ್ದಳು. ಭಾನುವಾರ ಹತ್ತರ ಬಸ್ಸಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಸರಿ, ಅವಳನ್ನು ಕಿಟಕಿಯ ಹತ್ತಿರ ಕಳಿಸು. ಅವಳು ಹೇಳಿದ್ದೇ ನಿಜ ಎಂದು ಅವಳಿಗೇ ಹೇಳಬೇಕು.