ದೊರೆ ಬಟಾಣಿ ತಿಂದ

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೨, ಗುರುವಾರ

ಪ್ರೀತಿಯ ಪುಟ್ಟೀ,

ಹಾಗಾಗಿ ಕೊನೆಗೂ ಬಾಯಿ ತೆರೆದ ಕಣೇ, ನಿನ್ನ ದೊರೆ! ನಿನ್ನೆ ಫೋನಿನಲ್ಲಿ ಇದನ್ನೇ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ನಿಮ್ಮ ಹಡಗಿನ ಲೈನು ಕಟ್ಟಾಯಿತು. ಆಮೇಲೂ ಸ್ವಲ್ಪ ಹೊತ್ತು ನಾನೊಬ್ಬನೇ ಮಾತಾಡುತ್ತಿದ್ದೆನಂತೆ, ಕೆಳಗಿನ ಮನೆಯ ಟೈಲರ್ ಅಕ್ಕ ಹೇಳಿ ನಕ್ಕರು. ಇರಲಿ, ಮೊದಲು ನೀನು ಹೇಗಿದ್ದೀಯ? ಎಂಜಿನ್ ರೂಮಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಹೋಯಿತೇ? ನೀರು ಚೆನ್ನಾಗಿ ಕುಡಿ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಪಾಪ, ಅದಕ್ಕೂ ನನ್ನನ್ನು ಬಿಟ್ಟರೆ ಯಾರಿದ್ದಾರೆ.

ನೀನು ಹಡಗು ಹತ್ತುವ ಮುಂಚೆ ದೊರೆ ಎಂದು ಹೆಸರಿಟ್ಟ ಈ ಆಸ್ಕರ್ ಮೀನನ್ನು ತೊಟ್ಟಿ ಸಮೇತ ನಮ್ಮ ಹಾಲಿಗೆ ತಂದಿಟ್ಟಾಗ ನಾನು ಮೂಗು ಮುರಿದಿದ್ದೆ. ಊಟದ ತಟ್ಟೆಯಷ್ಟು ಅಗಲದ ಮೀನು, ನಮ್ಮನ್ನೇ ಬಾಡಿಗೆಗೆ ಇಟ್ಟುಕೊಂಡವನ ಹಾಗೆ ನೋಡುತ್ತಾನೆ. ಕಾರ್ನಿವೋರಸ್ ಅಂದೆ ನೀನು. ಕಾಲೇಜಿನಲ್ಲಿ ಓದಿದ್ದೆ: ಸೊಪ್ಪು ತಿನ್ನುವ ಹರ್ಬಿವೋರಸ್, ಮಾಂಸ ತಿನ್ನುವ ಕಾರ್ನಿವೋರಸ್, ಆಮೇಲೆ ಎರಡನ್ನೂ ತಿನ್ನುವ ಇನ್ನೊಂದೇನೋ ವೋರಸ್. ಅದೊಂದು ನೆನಪಾಗುತ್ತಿಲ್ಲ, ನಾನು ಆ ಗುಂಪಿನವನೇ ಆದರೂ. ಮೊದಲ ದಿನ ಸಿಗಡಿ ಹಾಕಿದೆ. ಬಾಲ ಬಡಿದು, ನನ್ನ ಕನ್ನಡಕಕ್ಕೆಲ್ಲ ನೀರೆರಚಿ ನುಂಗಿದ. ಇಷ್ಟವಾಯಿತಲ್ಲ ಎಂದು ಮರುದಿನವೂ ಸಿಗಡಿ, ಅದರ ಮರುದಿನವೂ ಸಿಗಡಿ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಮದುವೆಯಾದ ಹೊಸದರಲ್ಲಿ ಒಮ್ಮೆ, ಹುರಿದ ಆಲೂಗಡ್ಡೆ ಚೆನ್ನಾಗಿದೆ ಅಂದುಬಿಟ್ಟೆ. ನಿಮ್ಮಮ್ಮ ಕೊನೆಯವರೆಗೂ ನನ್ನ ಡಬ್ಬಿಗೆ ಅದನ್ನೇ ತುಂಬಿದಳು. ನಾನೂ ಕೊನೆಯವರೆಗೂ ಖಾಲಿ ಡಬ್ಬಿಯನ್ನೇ ಮನೆಗೆ ತಂದೆ. ಚೆನ್ನಾಗಿಯೇ ಇರುತ್ತಿತ್ತು ಕಣೇ, ಸುಳ್ಳು ಯಾಕೆ ಹೇಳಲಿ.

ಆದರೆ ಮೀನಿಗೆ ಅದು ಆಗಿಬರಲಿಲ್ಲ. ಕೆಂಡದಂಥ ಬಣ್ಣ ಬೂದಿಯಾಯಿತು. ವಾಚ್ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದರೆ, ಹಣೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳು. ನೀನು ಫೋನಿನಲ್ಲಿ ಬೈದದ್ದು ಇನ್ನೂ ಕಿವಿಯಲ್ಲಿದೆ: “ಅಪ್ಪಾ, ಇಷ್ಟ ಅಂತ ಅದನ್ನೇ ಸುರೀಬೇಡ. ಪೆಲೆಟ್ಟು, ಎರೆಹುಳ, ಮೀನಿನ ತುಂಡು, ಒಂಚೂರು ಹಸಿರು, ಎಲ್ಲಾ ಬೇಕು ಅವನಿಗೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಬೇಜಾರಿಲ್ಲ, ಮೀನಿನ ಅಂಗಡಿಯವನಿಗೆ ಕೊಟ್ಟುಬಿಡೋಣ.” ನಾನು ಮಾತು ತಿರುಗಿಸಿ ಹಡಗಿನ ಊಟ ಹೇಗಿದೆ ಎಂದು ಕೇಳಿದೆ. ನನಗೆ ಭಾರವಾಗಿದೆ ಎಂದುಕೊಂಡು ನೀನು ಈ ಗುರುವಾರ ಬಂದು ಒಯ್ಯಲು ಅಂಗಡಿಯವನಿಗೆ ಹೇಳಿಟ್ಟೆ. ಅಷ್ಟರೊಳಗೆ ಇವನಿಗೆ ಬೇರೆ ಊಟದ ರುಚಿ ಹತ್ತಿಸಬೇಕು, ಇಲ್ಲದಿದ್ದರೆ ಕಳಿಸಿಕೊಡಬೇಕು ಎಂದು ನಾನೂ ಮನಸ್ಸಿನಲ್ಲೇ ಗೆರೆ ಎಳೆದುಕೊಂಡೆ.

ಸಿಗಡಿ ನಿಲ್ಲಿಸಿದೆ ನೋಡು, ಶುರುವಾಯಿತು ಹಂಗರ್ ಸ್ಟ್ರೈಕು. ಪೆಲೆಟ್ ಕಾಳು ಹಾಕಿದರೆ ಬಾಯಿಗೆ ತೆಗೆದುಕೊಂಡು, ಸ್ವಲ್ಪ ಯೋಚಿಸಿ, ನನ್ನ ಮುಖ ನೋಡುತ್ತಲೇ ಉಗುಳುತ್ತಿದ್ದ. ಎರೆಹುಳದ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲಂತೂ ಬುಡದಲ್ಲಿ ಮಗ್ಗುಲಾಗಿ ಬಿದ್ದುಕೊಂಡು ಸತ್ತವನ ನಾಟಕ. ನಾಟಕವೋ ನಿಜವೋ ಎಂದು ನಾನು ಗಾಜಿಗೆ ಮೂಗು ಒತ್ತಿ ಕಿವಿರು ಆಡುವುದನ್ನೇ ಕಾಯುತ್ತಿದ್ದೆ. ಭಾನುವಾರ ತಡೆಯಲಾಗಲಿಲ್ಲ. ಫ್ರಿಜ್ಜಿನಿಂದ ಸಿಗಡಿ ತೆಗೆದು ಕೈಯಲ್ಲಿ ಹಿಡಿದಿದ್ದೇನೆ, ಟೈಲರ್ ಅಕ್ಕ ಒಳಗೆ ಬಂದರು. “ಗಡಿಯಾರದಣ್ಣಾ, ಒಳಗಿಡಿ ಅದನ್ನ! ನೀವು ಮೂರು ಹೊತ್ತೂ ಬ್ರೆಡ್ಡು ಮೊಟ್ಟೆ ತಿಂದ್ಕೊಂಡು, ಅವನಿಗೆ ಮಾತ್ರ ಬಗೆಬಗೆ ತಿನ್ನು ಅಂದ್ರೆ ಕೇಳ್ತಾನಾ? ಹಠ ನೋಡಿದ್ರೆ ನಿಮಗೇ ಹುಟ್ಟಿದ ಹಾಗಿದ್ದಾನೆ” ಎಂದು ನನ್ನ ಮುಂದೆ ಒಂದು ರಾಶಿ ಹಸಿ ಬಟಾಣಿ ಸುರಿದು ಹೋದರು.

ಕೂತು ಸುಲಿದೆ. ಬೇಯಿಸಿದೆ. ನಿಮ್ಮಮ್ಮ ಹೋದ ಮೇಲೆ ಆ ಒಲೆಯ ಮೇಲೆ ಮೊಟ್ಟೆ ಬಿಟ್ಟು ಬೇರೇನೂ ಬೆಂದಿರಲಿಲ್ಲ. ತಟ್ಟೆ ಹಿಡಿದು ತೊಟ್ಟಿಯ ಮುಂದೆಯೇ ಕೂತೆ. ನಾಲ್ಕು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಸತ್ತವನು ಎದ್ದು ಗಾಜಿನ ಹತ್ತಿರ ಬಂದಿದ್ದ. ಒಂದು ಬಟಾಣಿಯ ಸಿಪ್ಪೆ ತೆಗೆದು, ವಾಚಿನ ಚಿಮುಟದಲ್ಲಿ ಹಿಡಿದು ನೀರಿಗೆ ಇಳಿಸಿದೆ. ನನ್ನನ್ನು ನೋಡಿದ. ಬಟಾಣಿ ನೋಡಿದ. ನುಂಗಿದ. ಉಗುಳುತ್ತಾನೆ ಎಂದು ಕಾದೆ, ಉಗುಳಲಿಲ್ಲ. ಇನ್ನೊಂದಕ್ಕೆ ಬಾಯಿ ತೆರೆದ. ಯುದ್ಧ ಸೋತವರು ಮಾಡುತ್ತಾರಲ್ಲ, ಅನ್‌ಕಂಡಿಷನಲ್ ಏನೋ ಒಂದು, ಅದನ್ನು ನಮ್ಮಿಬ್ಬರಲ್ಲಿ ಯಾರು ಮಾಡಿದರೋ ತಿಳಿಯದು. ನನಗೊಂದು ಅವನಿಗೊಂದು ಎಂದು ತಟ್ಟೆ ಖಾಲಿಯಾಯಿತು.

ಈಗ ಪೆಲೆಟ್ಟೂ ಒಳಗೆ ಹೋಗುತ್ತಿದೆ. ಎರೆಹುಳ ಅಕ್ಕನ ಹೂಕುಂಡದ್ದು, ಮೀನಿನ ತುಂಡು ಮಾರುಕಟ್ಟೆಯದ್ದು, ಸಿಗಡಿ ಅಪರೂಪಕ್ಕೆ. ಗುಳಿಗಳು ಇನ್ನೂ ಇವೆ, ಆದರೆ ರೆಕ್ಕೆಯ ಅಂಚಿನಲ್ಲಿ ಕೆಂಪು ಮರಳಿ ಇಣುಕುತ್ತಿದೆ. ನಾನೂ ನಿನ್ನೆ ಕುಂಬಳಕಾಯಿ ಬೇಯಿಸಿದೆ, ಇವತ್ತು ಬೀನ್ಸು. ಉಪ್ಪು ಹೆಚ್ಚಾಯಿತು, ಆದರೂ ಎರಡು ಸಲ ಬಡಿಸಿಕೊಂಡೆ. ನಿನಗೆ ಥ್ಯಾಂಕ್ಸ್ ಕಣೇ. ಅಪ್ಪನಾದವನಿಗೆ ಮಗಳ ಮುಂದೆ ಇಂಥದ್ದನ್ನು ಹೇಳಲು ಮುಜುಗರ, ಅದಕ್ಕೇ ಇಂಗ್ಲಿಷಿನಲ್ಲಿ ಹೇಳಿದೆ. ನಿಮ್ಮಮ್ಮ ಹೋದ ಮೇಲೆ ನಾನು ಉಣ್ಣುವುದನ್ನು ಈ ಮನೆಯಲ್ಲಿ ಯಾರೂ ಇಷ್ಟು ಗಮನ ಕೊಟ್ಟು ನೋಡಿರಲಿಲ್ಲ. ಅವಳೂ ಹೀಗೇ, ಮೊದಲ ತುತ್ತಿಗೆ ನನ್ನ ಮುಖವನ್ನೇ

ಅಯ್ಯೋ, ಬೆಳಕು ಇಳಿಯುತ್ತಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ಬೆಳಕು ಹೋದ ಮೇಲೆ ವಾಚಿಗೂ ಕೈ ಹಾಕಬಾರದು, ಕಾಗದಕ್ಕೂ. ಬಿಸಿ ಪೈಪುಗಳ ಹತ್ತಿರ ಹುಷಾರು. ನೂರು ವರ್ಷ ಸುಖವಾಗಿರು ಮಗಳೇ.

ನಿನ್ನ
ಅಪ್ಪ

ಮರೆತಿದ್ದೆ: ಬೆಳಿಗ್ಗೆ ಅಂಗಡಿಯವನು ದೊಡ್ಡ ಟಬ್ಬು ಹಿಡಿದು ಬಂದಿದ್ದ. ಟೀ ಕುಡಿಸಿ ಖಾಲಿ ಟಬ್ಬಿನ ಜೊತೆ ವಾಪಸ್ ಕಳಿಸಿದೆ. ರಜೆಗೆ ಬಂದಾಗ ನಿನಗೆ ಬೇಕಾದರೆ ಇನ್ನೊಂದು ಮೀನು ತಂದುಕೋ, ಇವನನ್ನು ಮಾತ್ರ ಕೇಳಬೇಡ. ಮತ್ತೆ, ಹಸಿದುಕೊಂಡು ಬಾ. ನಿನಗೇನು ಇಷ್ಟ ಎಂದು ಮಾತ್ರ ಹೇಳಬೇಡ, ಗೊತ್ತಲ್ಲ.