ಸಣ್ಣ ತೂತಿನ ಕಾಟಮ್ಮ

ಗುಂಡಿ ತೋಡಿದ ಮೇಲಿನ ಇನ್ನೂರಾರನೇ ವರ್ಷ, ಹದಿನಾಲ್ಕನೇ ತಿಂಗಳ ಮೊದಲ ಸುಡುಹಗಲು.

ನಮಗಿಂತ ಎಷ್ಟೋ ತಲೆಮಾರು ಹಿಂದೆ ಉಸಿರಾಡುತ್ತಿರುವ ಹಿರಿಯರಿಗೆ, ಕೆಳಗುಂಡಿಯ ಕತೆ ಹೇಳುವ ತಿಪ್ಪಣ್ಣನ ಶರಣು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಸಿಟ್ಟಾಗಬೇಡಿ. ನೀವು ಬಿಟ್ಟುಹೋದ ಮಾತನ್ನೇ ನಾವು ಆಡುತ್ತಿದ್ದೇವೆ. ನಡುವೆ ಬಹಳ ಬಾಯಿಗಳನ್ನು ದಾಟಿ ಬಂದದ್ದರಿಂದ ಅದರ ಅಂಚು ಸವೆದಿದೆ, ಅಷ್ಟೆ.

ನಾವಿರುವುದು ನಿಮ್ಮ ಊರುಗಳು ಸುರಿದ ಕಸದ ಗುಡ್ಡದಲ್ಲಿ. ಹಸನಾದ ಜಾಗವೇ, ನಗಬೇಡಿ. ಗುಂಡಿ ತೋಡಿ ತಂತಿ, ತಗಡು, ಗಾಜು ತೆಗೆಯುವುದು ನಮ್ಮ ಬೇಸಾಯ. ನಿಮ್ಮ ಕಾಲದಲ್ಲಿ ಯಾರೋ ಜಪ್ತಿ ಮಾಡಿ ಹೂಳಿಸಿದ ಇ-ಸಿಗರೇಟಿನ ಪೆಟ್ಟಿಗೆಗಳು ಇಲ್ಲಿ ಈಗಲೂ ಸಿಗುತ್ತವೆ. ಬ್ಯಾಟರಿಯನ್ನು ಬಿಸಿಲುತಗಡಿಗೆ ಕಟ್ಟಿ ಚಾರ್ಜ್ ಮಾಡುತ್ತೇವೆ, ಗಿಡದ ರಸ ತುಂಬಿ ಹಬೆ ಎಳೆಯುತ್ತೇವೆ. ಒಳ್ಳೆಯದೋ ಕೆಟ್ಟದ್ದೋ, ಬಿಡಲಾಗಿಲ್ಲ. ನೀವು ಕಾರ್ಟೊಮೈಜರ್ ಅನ್ನುತ್ತಿದ್ದ ಸಾಮಾನು ನಮ್ಮ ಬಾಯಲ್ಲಿ ಕಾಟಮ್ಮ ಆಗಿದ್ದಾಳೆ. ಬೆರಳುದ್ದದ ಲೋಹದ ಕೊಳವೆ, ಒಳಗೆ ತಂತಿಯ ಸುರುಳಿ, ಸುರುಳಿಯ ಸುತ್ತ ಅರಳೆ. ಗಾಜಿನ ಟ್ಯಾಂಕಿನ ನಡುವೆ ಅವಳನ್ನು ನಿಲ್ಲಿಸಿ ಸುತ್ತಲೂ ರಸ ತುಂಬುತ್ತೇವೆ. ಕೊಳವೆಯ ಮೈಯಲ್ಲಿರುವ ತೂತಿನಿಂದ ರಸ ಒಳಗಿಳಿದು ಅರಳೆ ನೆನೆಯುತ್ತದೆ, ಸುರುಳಿ ಕಾದಾಗ ಹಬೆ ಏಳುತ್ತದೆ. ಆರಿಸುವುದರಲ್ಲೇ ಎಲ್ಲ ಇದೆ. ತೆಳು ರಸಕ್ಕೆ ದೊಡ್ಡ ತೂತಿನವಳನ್ನು ಹಾಕಿದರೆ ಹಬೆಯ ಬದಲು ರಸವೇ ಬಾಯಿಗೆ ನುಗ್ಗಿ ಗದ್ದಕ್ಕೆ ಸುರಿಯುತ್ತದೆ. ಮಂದ ರಸಕ್ಕೆ ಸಣ್ಣ ತೂತಿನವಳನ್ನು ಹಾಕಿದರೆ ಅರಳೆ ಒಣಗಿ ಸುಡುತ್ತದೆ. ಆ ಹೊಗೆ ಎಳೆದವನ ಗಂಟಲಿಗೆ ಕೆಂಡ ಇಳಿದಂತಾಗುತ್ತದೆ.

ಮೇಲ್ಗುಂಡಿಯವರಿಗೂ ನಮಗೂ ಹಳೆಯ ಹೊಡೆದಾಟ. ಹೋದ ಬೇಸಿಗೆಯಲ್ಲಿ ಅವರು ಸಂಕವ್ವನ ಗಂಡನನ್ನು ಹಾರೆಯಿಂದ ತಿವಿದು ಕೊಂದರು. ನಮ್ಮವರು ಅವರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಆಮೇಲೆ ಅವರು ಸಂಕವ್ವನಿಗೆ ಉಳಿದಿದ್ದ ಒಬ್ಬನೇ ಮಗ ಯಂಕೋಬನನ್ನು ಎಳೆದೊಯ್ದರು. ಕೊನೆಗೆ ಅವರ ಹಿರಿಯ ಮಾಳಿಂಗ ರಾಜಿಗೆ ಕರೆ ಕಳಿಸಿದ. ನಮ್ಮಲ್ಲಿ ರಾಜಿಗೆ ಒಂದುಸಿರು ಅನ್ನುತ್ತಾರೆ. ನೊಂದ ಮನೆಯವರು ಕಾಟಮ್ಮನನ್ನು ತರಬೇಕು, ಕೊಂದ ಕಡೆಯವರು ರಸ ತರಬೇಕು, ಒಂದೇ ಟ್ಯಾಂಕಿನಿಂದ ಎರಡೂ ಕಡೆಯವರು ಎಳೆಯಬೇಕು. ಯಾವ ರಸ ಎಂದು ಮೊದಲೇ ಕೇಳುವ ಹಾಗಿಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದು ಮುಖಕ್ಕೆ ಉಗಿದಂತೆ. ಉಸಿರು ಸರಿಯಾಗಿ ನಡೆದರೆ ಯಂಕೋಬ ಮನೆಗೆ. ಕೆಟ್ಟರೆ ಅವನ ಕೊರಳ ಹಗ್ಗಕ್ಕೆ ಕಟ್ಟಿದ ಬಂಡೆ ಗುಂಡಿಗೆ.

ಸಂಕವ್ವ ಕಾಟಮ್ಮಗಳನ್ನೆಲ್ಲ ಸೆರಗಿನ ಮೇಲೆ ಹರವಿಕೊಂಡು ಕುಳಿತಳು. ಮೇಲ್ಗುಂಡಿಯಲ್ಲಿ ಗಿಡ ಕಡಿಮೆ, ಅವರ ರಸ ಯಾವಾಗಲೂ ನೀರುನೀರು. ಅವಳು ಸಣ್ಣ ತೂತಿನವಳನ್ನು ಎತ್ತಿಕೊಂಡಾಗ ನಾದಿನಿ ರೇಗಿದಳು: "ದೊಡ್ಡ ತೂತಿಂದು ತಗೋ ವೈನಿ, ಸೋರಿದ್ರ ಸೋರ್ಲಿ. ಆ ಮುದಿಗೂಬಿ ಮಾಳಿಂಗನ ಅಂಗಿ ತೊಯ್ದ್ರ ನಿಂದೇನ್ ಗಂಟು ಹೋಗ್ತದ?"

"ಮಂದಿ ಮುಂದ ಜೊಲ್ಲು ಸುರಿಸಿದಂಗ ಸುರಿಸಿದ್ರ ಅವನ ಮಾನ ಹೋಗ್ತದ," ಅಂದಳು ಸಂಕವ್ವ. "ಮಾನ ಹೋದ ಗಂಡಸು ನನ್ನ ಮಗನ ಹಗ್ಗ ಬಿಚ್ತಾನೇನ?"

ಗುಂಡಿಯ ಅಂಚಿನಲ್ಲಿ ಎರಡೂ ಕಡೆಯವರು ಸೇರಿದೆವು. ನಾನು ಸಂಕವ್ವನ ಬೆನ್ನಿಗೇ ಇದ್ದೆ. ಆಚೆ ಅಂಚಿನಲ್ಲಿ ಯಂಕೋಬ, ಅವನ ಪಕ್ಕದಲ್ಲಿ ಬಂಡೆಗೆ ಕಾಲು ಕೊಟ್ಟು ನಿಂತ ಮಾಳಿಂಗನ ತಮ್ಮ ಸಾಬಣ್ಣ. ಸಂಕವ್ವ ಬಟ್ಟೆ ಸುತ್ತಿ ತಂದ ಟ್ಯಾಂಕಿಗೆ ಈಚೆ ನಮ್ಮೆದುರು ನಿಂತ ಮಾಳಿಂಗ ರಸ ತುಂಬಿದ, ಕಟ್ಟಳೆಯಂತೆ ಇಬ್ಬರೂ ಒಳಗೆ ಇಣುಕಲಿಲ್ಲ. "ಎಳಿ ಯಕ್ಕಾ," ಅಂದ. "ನಿನ್ನ ಮಗ ನಮ್ಮ ರೊಟ್ಟಿ ತಿಂದು ದಪ್ಪ ಆಗ್ಯಾನ, ನೋಡು." ಯಂಕೋಬ ಆಚೆಯಿಂದಲೇ ಕೂಗಿದ: "ಯವ್ವಾ, ಲಗೂ ಎಳಿಯಬೇ, ಹಗ್ಗ ತುರಸ್ತದ!" ಎರಡೂ ಕಡೆಯವರು ನಕ್ಕರು. ಆ ನಗೆ ಕೇಳಿ ನನಗೆ ಬದುಕಿದೆವು ಅನ್ನಿಸಿತ್ತು.

ಸಂಕವ್ವ ಎಳೆದಳು. ಬೆನ್ನು ಸೆಟೆಯಿತು, ಕಣ್ಣಲ್ಲಿ ನೀರು ತುಂಬಿತು. ಮಗನನ್ನು ನೋಡುತ್ತ ಕೆಮ್ಮನ್ನು ನುಂಗಿ, ನಕ್ಕು, ಟ್ಯಾಂಕನ್ನು ಮಾಳಿಂಗನಿಗೆ ಕೊಟ್ಟಳು. ಅಷ್ಟರಲ್ಲಿ ಅರಳೆ ಪೂರ್ತಿ ಒಣಗಿತ್ತು. ಮಾಳಿಂಗ ಎದೆತುಂಬ ಎಳೆದವನು ಕೆಮ್ಮುತ್ತ ಮಂಡಿಯೂರಿದ, ಬಾಯಿಂದ ಎಂಜಲಿನ ಜೊತೆ ನೆತ್ತರ ಎಳೆ ಬಂತು. "ವಿಷ!" ಎಂದು ಮೇಲ್ಗುಂಡಿಯವರು ಅರಚಿದರು. "ಆಕಿ ಕೆಮ್ಮಲಿಲ್ಲ ನೋಡ್ರಿ, ಆಕಿಗಿ ಮೊದ್ಲೇ ಗೊತ್ತಿತ್ತು!" ತಾಳಿರಿ ಎನ್ನಲು ಮಾಳಿಂಗ ಕೈ ಎತ್ತಿದ. ಮಾತು ಹೊರಡಲಿಲ್ಲ. ಎತ್ತಿದ ಕೈಯನ್ನು ಅಪ್ಪಣೆ ಎಂದುಕೊಂಡ ಸಾಬಣ್ಣ ಬಂಡೆಯನ್ನು ಒದ್ದ.

ಹಗ್ಗ ಬಿಗಿದ ಸದ್ದು ನಮಗೆ ಈಚೆ ಅಂಚಿಗೂ ಕೇಳಿಸಿತು. ಆಮೇಲೆ ನಡೆದದ್ದನ್ನು ಕತೆಯ ಹಾಗೆ ಹೇಳಲು ನನಗೆ ಬರುವುದಿಲ್ಲ. ಹಾರೆ ಹೊಟ್ಟೆಗೆ ಹೋಯಿತು, ಗುದ್ದಲಿ ತಲೆಗೆ ಬಿತ್ತು. ಸಂಕವ್ವನ ನಾದಿನಿ ಗಾಜಿನ ಚೂರನ್ನು ಒಬ್ಬನ ಕುತ್ತಿಗೆಗೆ ಹಾಕಿ, ಅವನು ಬೀಳುವ ಮೊದಲೇ ತಾನೂ ಬಿದ್ದಳು. ಹಿಂದಿನ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರು ಒಬ್ಬರ ಕಣ್ಣಿಗೆ ಒಬ್ಬರು ಹೆಬ್ಬೆರಳು ಇಟ್ಟು ಒತ್ತಿದರು.

ಕೊಲ್ಲುವವರ ಕೈ ಸೋತ ಮೇಲೆ ಮಾಳಿಂಗ ಹೆಣಗಳನ್ನು ದಾಟುತ್ತ ಸಂಕವ್ವನ ಹತ್ತಿರ ಬಂದ. ಕೊಳವೆಯನ್ನು ಸೀಳಿ ಸುಟ್ಟ ಅರಳೆಯನ್ನು ಅಂಗೈಯಲ್ಲಿ ಹಿಡಿದಿದ್ದ. "ನಿನ್ನ ಗಂಡನ ಮರ್ಯಾದಿಗಂತ ಮದುವಿ ರಸ ತಂದಿದ್ದೆ ಯಕ್ಕಾ," ಎಂದ ಒಡಕು ದನಿಯಲ್ಲಿ. "ಜೇನಿನಂಗ ಮಂದ ಇತ್ತು."

"ನಿನ್ನ ಮಾನ ಸೋರಬಾರ್ದಂತ ಸಣ್ಣ ತೂತಿಂದು ಹಾಕಿದ್ನೋ ಯಪ್ಪಾ," ಎಂದಳು ಸಂಕವ್ವ.

ಇಬ್ಬರೂ ಅತ್ತರು. ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಸೊಂಟದ ಕುಡುಗೋಲು ತೆಗೆದು ಅವನ ಕೊರಳು ಕೊಯ್ದಳು. ತಪ್ಪು ಯಾರದೂ ಅಲ್ಲವೆಂದು ತಿಳಿದೇ ಕೊಯ್ದಳು. ತಿಳಿದದ್ದರಿಂದ ಯಂಕೋಬ ಗುಂಡಿಯಿಂದ ಎದ್ದು ಬರಲಿಲ್ಲವಲ್ಲ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಟ್ಯಾಂಕಿನಲ್ಲಿ ಯಾವ ರಸವಿದೆ ಎಂದು ಕೇಳದೆ ಕೊಳವೆ ಆರಿಸಬೇಡಿ. ಕೇಳುವುದು ಅವಮಾನ ಅನ್ನುವ ಕಟ್ಟಳೆಯನ್ನು ನಿಮ್ಮ ಮಕ್ಕಳಿಗೆ ಕಲಿಸಬೇಡಿ. ಅದನ್ನು ನಾವು ಹುಟ್ಟಿಸಲಿಲ್ಲ, ಮೇಲಿನ ತಲೆಮಾರುಗಳಿಂದ ಇಳಿದು ಬಂದದ್ದು. ಇಳಿಯಲು ಶುರುವಾದ ಜಾಗದಲ್ಲಿ ನೀವಿದ್ದೀರಿ.

ಸಾಬಣ್ಣ ಮಂದಿ ಕೂಡಿಸಿಕೊಂಡು ಅಣ್ಣನ ಲೆಕ್ಕ ಕೇಳಲು ಇಳಿದು ಬರುತ್ತಿದ್ದಾನೆ. ಸಂಕವ್ವ ಆಗಲೇ ದಾರಿಗೆ ಅಡ್ಡ ನಿಂತಿದ್ದಾಳೆ, ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ. ನನ್ನ ಹಾರೆ ಸಾಣೆ ಹಿಡಿದಾಗಿದೆ. ಹೋಗಬೇಕು.